ಹೂಲಿಯವರ ಅಂಗಳದ ಉಣ್ಣಿ ಸಂಹಾರ

ಹೇ ಕಂಡೂಯನದೇವಿ! ತುರಿಕೆಯ ಅಧಿದೇವತೆಯೇ! ಅರಸ, ಆಳು ಎಂಬ ಭೇದವೆಣಿಸದೆ ಸಕಲ ಪ್ರಾಣಿಗಳ ಬೆನ್ನಿನಲ್ಲಿ ಕೈಗೆಟುಕದ ಆ ಒಂದೇ ಠಾವನ್ನು ಆರಿಸಿಕೊಂಡು ನೆಲೆಸಿದವಳೇ, ಮೊದಲ ವಂದನೆ ನಿನಗೆ. ಈ ಕಥೆ ಮುಗಿಯುವ ತನಕ ಹೇಳುವವನ ಉಗುರನ್ನೂ ಕೇಳುವವರ ಉಗುರನ್ನೂ ತಡೆದು ಕಾಪಾಡು.

ಕಲಿಯುಗದ ಪ್ರಥಮ ಪಾದದಲ್ಲಿ, ನಳದ ನೀರು ವಾರಕ್ಕೊಮ್ಮೆ ಮಾತ್ರ ಅವತರಿಸುವ, ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಅಂಗಡಿಕಾರರೆಲ್ಲ ಯೋಗನಿದ್ರೆಯಲ್ಲಿರುವ ಧಾರವಾಡ ನಗರದ ತಾವರಗೇರಿ ಬಡಾವಣೆಯ ಮೂರನೆಯ ಅಡ್ಡರಸ್ತೆಯಲ್ಲಿ ಈರಬಸಪ್ಪ ಹೂಲಿ ಎಂಬ ವೀರನಿದ್ದನು. ಮೂವತ್ತೊಂದು ಸಂವತ್ಸರ ಸವದತ್ತಿ ಮಾರ್ಗದ ಬಸ್ಸಿನಲ್ಲಿ ಕಂಡಕ್ಟರನಾಗಿದ್ದು, ಐವತ್ತು ಜನರ ಜಾಗದಲ್ಲಿ ನೂರಿಪ್ಪತ್ತು ಜನರನ್ನೂ ಹನ್ನೆರಡು ಕೋಳಿಗಳನ್ನೂ ಹಿಡಿಸಿದ ಜನಸಮ್ಮರ್ದಭೇದಕನವನು. ಬಾಗಿಲ ಮೆಟ್ಟಿಲಿನ ಮೇಲೆ ಒಂದೇ ಪಾದವೂರಿ ಗಾಳಿಯಲ್ಲಿ ತೇಲಿದ ಏಕಪಾದಸಂಚಾರಿಯವನು. ಸಿಳ್ಳೆಯ ಒಂದೇ ಊದಿಗೆ ರಸ್ತೆಯ ಮೇಲಿನ ಎಮ್ಮೆಯ ಹಿಂಡನ್ನು ಇಬ್ಭಾಗ ಮಾಡಿದ ಮಹಿಷಯೂಥವಿದಾರಣನವನು. ಆದರೂ ವಿಧಿಯ ವಿಪರೀತವನ್ನು ನೋಡಿರಿ: ಅಷ್ಟು ವರ್ಷ ಅಷ್ಟು ಸೀಟುಗಳ ನಡುವೆ ಓಡಾಡಿದವನಿಗೆ ಕೂರಲು ಒಂದು ಸೀಟು ಸಿಗಲಿಲ್ಲ. ತನ್ನ ಪಾಲಿನದರಲ್ಲಿ ಯಾವಾಗಲೂ ಒಬ್ಬ ಬಸುರಿಯೋ, ಒಬ್ಬ ಮುದುಕನೋ, ಹಾವೇರಿಯಿಂದ ನಿಂತುಕೊಂಡೇ ಬಂದ ಒಂದು ಮೆಣಸಿನಕಾಯಿಯ ಚೀಲವೋ ಕುಳಿತಿರುತ್ತಿತ್ತು.

ಆದ್ದರಿಂದಲೇ ನಿವೃತ್ತನಾದ ತಿಂಗಳಲ್ಲಿ ಅವನು ಗುಜರಿಗೆ ಬಿದ್ದ ಬಸ್ಸೊಂದರಿಂದ ಮೂವರು ಕೂರುವ ಸೀಟನ್ನು ಬಿಡಿಸಿಕೊಂಡು, ಟಂಟಂ ಗಾಡಿಯಲ್ಲಿ ಹೇರಿಸಿ ತಂದು, ಅಂಗಳದ ಬೇವಿನ ಮರದಡಿ ಪ್ರತಿಷ್ಠಾಪಿಸಿದನು. ಹಸಿರು ರೆಕ್ಸಿನ್ನಿನ ಹೊದಿಕೆ, ಅಲ್ಲಲ್ಲಿ ಹರಿದು ಇಣುಕುವ ಹಳದಿ ಫೋಮು, ಹಿಂಬದಿಯಲ್ಲಿ ಯಾವನೋ ಪ್ರೇಮಿ ಕೆತ್ತಿದ ಬಾಣ ನಾಟಿದ ಹೃದಯ. ದಿನಾಲು ಸಂಜೆ ಐದಕ್ಕೆ ಆ ಸಿಂಹಾಸನದ ನಟ್ಟನಡುವೆ ಹೂಲಿ ವಂಶದ ಕುಲದೀಪಕನು ಆಸೀನನಾಗುವನು. ಅವನ ಕಾಲ ಬಳಿ, ಸೀಟಿನ ನೆರಳಿನಲ್ಲಿ, ಹನ್ನೊಂದು ವರ್ಷದ ಕಂದು ನಾಯಿ ಮಲಗುವುದು. ಅದರ ಹೆಸರು ಎಕ್ಸ್‌ಪ್ರೆಸ್. ಹುಟ್ಟಿದಂದಿನಿಂದ ಅದು ಓಡಿದ್ದನ್ನು ಕಂಡವರಿಲ್ಲ.

ಇಂತಿರಲು ಆ ರಾಜ್ಯಕ್ಕೆ ಶತ್ರುಗಳು ನುಗ್ಗಿದರು. ಎಂಟು ಕಾಲಿನ, ಹಸಿದಾಗ ಎಳ್ಳಿನಷ್ಟಿದ್ದು ರಕ್ತ ಕುಡಿದರೆ ಔಡಲಬೀಜದಷ್ಟಾಗುವ, ಹಿಡಿದ ಚರ್ಮವನ್ನು ಬಿಡದ ಉಣ್ಣಿಗಳ ಅಕ್ಷೌಹಿಣಿ! ಮೊದಲು ಎಕ್ಸ್‌ಪ್ರೆಸ್ಸಿನ ಕಿವಿಯ ಕೋಟೆ ಬಿತ್ತು. ಆಮೇಲೆ ಬೆರಳ ಸಂದುಗಳು, ಆಮೇಲೆ ಕುತ್ತಿಗೆಯ ಪಟ್ಟಿಯ ಕೆಳಗಿನ ಪ್ರಾಂತ್ಯ. ಎರಡು ವಾರದಲ್ಲಿ ನಾಯಿ ಅನ್ನ ಬಿಟ್ಟಿತು. ಪಶು ಆಸ್ಪತ್ರೆಯ ಡಾಕ್ಟರು ಅದರ ತುಟಿ ಎತ್ತಿ, ಬೆಳ್ಳಗಾದ ವಸಡನ್ನು ತೋರಿಸಿ, ಉಣ್ಣಿ ಜ್ವರವೆಂದು ಸೂಜಿ ಚುಚ್ಚಿ, "ನಾಯಿಗೆ ನಾವು ಔಷಧ ಕೊಡತೇವಿ. ಆದ್ರ ಅಂಗಳ ಸ್ವಚ್ಛ ಆಗದ ಹೊರತು ಇದು ಉಳಿಯೂದು ಕಷ್ಟ ಐತಿ" ಎಂದರು.

ಅದೇ ದಿನ ಗದಗದಿಂದ ಮಗಳು ಅನ್ನಪೂರ್ಣಾಳ ಫೋನು ಬಂತು. ಎಂಟು ತಿಂಗಳ ಕೂಸಿನೊಂದಿಗೆ ಒಂದು ತಿಂಗಳು ತವರಿನಲ್ಲಿರಲು ಬರುವ ಶುಕ್ರವಾರ ಬರುವವಳಿದ್ದಳು. ತಾಯಿ ನೀಲವ್ವ ವಿಡಿಯೋ ಕಾಲಿನಲ್ಲಿ ಅಂಗಳ ತೋರಿಸುತ್ತಿರುವಾಗ ಗೋಡೆಯ ಮೇಲೆ ಹತ್ತುತ್ತಿದ್ದ ಒಂದು ಚುಕ್ಕೆಯನ್ನು ಮಗಳು ಕಂಡಳು.

"ಅವ್ವಾ, ಅದೇನದು ಹರದಾಡಾಕತ್ತಿದ್ದು?"

"ಏನಿಲ್ಲ ತಗೀ, ಉಣ್ಣಿ."

"ಉಣ್ಣಿ? ಕೂಸು ಈಗಷ್ಟ ಅಂಬೆಗಾಲ ಹಾಕಾಕತ್ತೈತಿ, ಸಿಕ್ಕಿದ್ದೆಲ್ಲಾ ಬಾಯಾಗ ಇಟ್ಟೊಳ್ಳತೈತಿ! ಅಪ್ಪಗ ಹೇಳು. ಶುಕ್ರವಾರದೊಳಗ ಆ ನಾಯಿನ್ನ ಸೋಮುಮಾವನ ಹೊಲಕ್ಕ ಕಳಸ್ರಿ. ಇಲ್ಲಂದ್ರ ನಾ ಬರಾಂಗಿಲ್ಲ."

ಸೋಮುಮಾವನೆಂದರೆ ನೀಲವ್ವನ ತಮ್ಮ. ಅವನ ಹೊಲವಿದ್ದದ್ದು ನವಲಗುಂದದ ಆಚೆ. ಸ್ಪೀಕರಿನಲ್ಲಿ ಈ ಘೋಷಣೆಯನ್ನು ಆಲಿಸಿದ ಈರಬಸಪ್ಪನು ಸಿಂಹಾಸನದಿಂದೆದ್ದು, ಪ್ರಳಯಕಾಲದ ಮೇಘದಂತೆ ಗರ್ಜಿಸಿ, ಎಡಗೈಯಿಂದ ಪಂಚೆ ಎತ್ತಿ ಕಟ್ಟಿ ಹೀಗೆ ನುಡಿದನು:

"ಯಲ್ಲಮ್ಮನ ಹುಣ್ಣಿವಿ ಗದ್ದಲದಾಗ ಬಸ್ಸಿನ ಮ್ಯಾಲೆ ಕುಂತ ಎಂಬತ್ತು ಮಂದೀನ ಒಬ್ಬನ ಕೆಳಗ ಇಳಿಸೇನಿ ನಾನು. ಈ ಉಣ್ಣಿ ಯಾವ ಲೆಕ್ಕ? ಗುರುವಾರ ಸಂಜೀ ಒಳಗ ಎಲ್ಲಾನೂ ಇಳಸ್ತೇನಿ. ನಾಯಿ ಎಲ್ಲೂ ಹೋಗಾಂಗಿಲ್ಲ!"

ನೀಲವ್ವನು ಬೆಳ್ಳುಳ್ಳಿ ಬಿಡಿಸುತ್ತಲೇ, "ಪಂಚೆ ಬಿಚ್ಚಾಕತ್ತೈತಿ, ನೋಡ್ಕೋರಿ" ಎಂದಳು.

ಮೊದಲ ದಿನದ ಯುದ್ಧದಲ್ಲಿ ಅವನು ತಂಬಾಕಿನ ನೀರನ್ನು ಪ್ರಯೋಗಿಸಿದನು. ಉಣ್ಣಿಗಳು ಒದ್ದೆಯಾದವು. ಎರಡನೆಯ ದಿನ ಸುಣ್ಣದ ಪುಡಿಯನ್ನೆರಚಿದನು. ಉಣ್ಣಿಗಳು ಬೆಳ್ಳಗಾದವು. ಮೂರನೆಯ ದಿನ, ಅಂದರೆ ಸೋಮವಾರ ಮುಂಜಾನೆ, ಹಸಿ ಬೇವಿನ ಸೊಪ್ಪು ರಾಶಿ ಹಾಕಿ ಧೂಮಾಸ್ತ್ರವನ್ನು ಹೂಡಿದನು. ಆ ಕಪ್ಪು ಹೊಗೆಯು ಶತ್ರುಪಾಳಯದ ಮೇಲಿಂದ ನಿರಾಯಾಸವಾಗಿ ದಾಟಿ, ಕಾಂಪೌಂಡು ಗೋಡೆಯನ್ನೇರಿ, ಪಕ್ಕದ ಮನೆಯ ಅಂಗಳದಲ್ಲಿ ಒಣಗಹಾಕಿದ್ದ ಸಂಡಿಗೆಯ ನಾಲ್ಕು ಸೀರೆಗಳ ಮೇಲೆ ಇಳಿದು ಕುಳಿತಿತು.

ಆ ಸಂಡಿಗೆಯ ಒಡತಿ ಇಂದಿರಾಬಾಯಿ ಗಲಗಲಿ. ಮೂವತ್ತೆಂಟು ವರ್ಷ ಹುಡುಗಿಯರ ಹೈಸ್ಕೂಲಿನಲ್ಲಿ ಬೀಜಗಣಿತ ಕಲಿಸಿದ, ಹುಬ್ಬಿನ ಏರಿಳಿತ ಒಂದರಿಂದಲೇ ತರಗತಿಯನ್ನು ಶಿಲೆಯಾಗಿಸಿದ ಭ್ರೂಭಂಗಭಯಂಕರಿ. ಬಡಾವಣೆಯವರಿಗೆಲ್ಲ ಗಲಗಲಿ ಅಕ್ಕೋರು. ಅವರ ಅಂಗಳದ ತುಂಬ ಗರಿಕೆ. ದಿನಾಲು ಇಪ್ಪತ್ತೊಂದು ಗರಿಕೆಯನ್ನು ಗಣಪತಿಗೆ ಏರಿಸದೆ ಅಕ್ಕೋರು ಚಹಾ ಮುಟ್ಟಿದವರಲ್ಲ. ಅವರು ಗೋಡೆಯಂಚಿಗೆ ಬಂದು, ಮಸಿ ಹಿಡಿದ ಸಂಡಿಗೆಯೊಂದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದರು.

"ಹೂಲಿಯವರ, ಇದೇನ್ರಿ ಇದು?"

"ಯುದ್ಧ ನಡದೈತ್ರಿ ಅಕ್ಕೋರ. ನಿಮ್ಮ ಕಡೀಂದ ಬಂದ ಉಣ್ಣಿಗೋಳ ಜೋಡಿ."

"ನನ್ನ ಕಡೆಯಿಂದ? ನಾಯಿ ಸಾಕಿದವರು ನೀವು. ನನ್ನ ಮನ್ಯಾಗ ನಾನು, ಗಣಪತಿ, ಇಬ್ಬರೇ ಇರೋದು. ಇಬ್ಬರಿಗೂ ಉಣ್ಣಿ ಇಲ್ಲ."

"ಮೊಣಕಾಲ ಮಟ ಹುಲ್ಲು ಬೆಳಸೀರಲ್ರಿ! ಅಡವಿ ಆಗೇತದು. ಅದ್ರಾಗ ಹುಟ್ಟಿ ಗ್ವಾಡಿ ಏರಿ ನಮ್ಮ ಎಕ್ಸ್‌ಪ್ರೆಸ್ಸಿಗೆ ಹತ್ತಾಕತ್ತಾವ."

"ಅದು ಹುಲ್ಲಲ್ಲ, ಗರಿಕಿ! ನಾಯಿ ಮೈಮ್ಯಾಲಿಂದು ಉದುರಿ ಗ್ವಾಡಿ ಏರಿ ನನ್ನ ಗರಿಕೀಗೆ ಬರ್ಲಿಕ್ಕೆ ಹತ್ಯಾವ. ಏರೋದು ಯಾವ ಕಡೆಯಿಂದ ಅನ್ನೋದು ಮೊದಲು ಸಿದ್ಧ ಮಾಡ್ರಿ, ಆಮ್ಯಾಲೆ ಉತ್ತರ ಬರೀರಿ."

ಹೀಗೆ ಮಾತಿಗೆ ಮಾತು ಹತ್ತಿ, ಇಪ್ಪತ್ತು ವರ್ಷ ಕೊತ್ತಂಬರಿ ಕರಿಬೇವುಗಳನ್ನು ದಾಟಿಸಿದ ಆ ಗೋಡೆ ಒಂದೇ ಮುಂಜಾನೆಯಲ್ಲಿ ದುರ್ಗದ ಕೊತ್ತಲವಾಯಿತು. ಮಧ್ಯಸ್ಥಿಕೆಗೆ ಬಂದ ನೀಲವ್ವನ ಮಾತು ಎರಡೂ ಕಡೆಯವರಿಗೆ ಕೇಳಿಸಲಿಲ್ಲ. ಕೊನೆಗೆ ಅಕ್ಕೋರು ಒಳಗೆ ಹೋಗಿ ಒಂದು ಫೋನು ಮಾಡಿದರು.

ಮಂಗಳವಾರ ಹತ್ತು ಗಂಟೆಗೆ ಸ್ಕೂಟಿಯೊಂದು ಅಡ್ಡರಸ್ತೆಗೆ ತಿರುಗಿತು. ಅದರಿಂದ ಇಳಿದವಳು ಫರ್ಜಾನಾ ನದಾಫ್. ಕೀಟ ನಿಯಂತ್ರಣವೇ ಅವಳ ವೃತ್ತಿ. ಬೆನ್ನಿಗೆ ಪಂಪು, ಕೈಗೆ ಮೊಣಕೈವರೆಗಿನ ರಬ್ಬರ್ ಗ್ಲೌಸು, ಪ್ಯಾಂಟಿನ ತುದಿಯನ್ನು ಒಳಸೇರಿಸಿದ ಬಿಳಿ ಕಾಲುಚೀಲ, ಹಣೆಯ ಮೇಲೆ ಏರಿಸಿದ ಕನ್ನಡಕ. ತಿಗಣೆಯ ವಂಶಗಳನ್ನು ನಿರ್ವಂಶ ಮಾಡಿದವಳು, ಗೆದ್ದಲಿನ ಅರಮನೆಗಳನ್ನು ಬಯಲು ಮಾಡಿದವಳು, ಯಾರ ಮನೆಯಲ್ಲಿ ಏನು ಸಿಕ್ಕರೂ ಬೇರೆ ಮನೆಯಲ್ಲಿ ಹೇಳದವಳು. ಇಂಥ ವೀರಾಂಗನೆಯನ್ನು ಎರಡೂ ಪಕ್ಷಗಳು ಒಟ್ಟಿಗೇ ತಮ್ಮ ಕಡೆಗೆ ಕರೆದವು.

"ಮೊದಲ ಆ ಅಡವಿಗೆ ಹೊಡಿ ತಂಗಿ!" ಎಂದನು ಈರಬಸಪ್ಪ.

"ಮೊದಲು ಆ ನಾಯಿ ಕಡೆ ನೋಡವಾ" ಎಂದರು ಅಕ್ಕೋರು.

ಫರ್ಜಾನಾ ಪಂಪನ್ನು ಕೆಳಗಿಟ್ಟಳು. "ನಾ ಮೊದಲ ಏನೂ ಹೊಡಿಯೂದಿಲ್ರಿ. ಎಲ್ಲಿ ಅದಾವ ಅಂತ ನೋಡಬೇಕು. ಸುಮ್ಮ ಎಲ್ಲಾ ಕಡೆ ಔಷಧ ಸುರುವಿದ್ರ ಉಣ್ಣಿಗಿಂತ ಮೊದಲ ನಿಮ್ಮ ಗಿಡ ಸಾಯ್ತಾವ."

ಅವಳು ಚೀಲದಿಂದ ಒಂದು ಬಿಳಿಯ ದಪ್ಪ ಬಟ್ಟೆಯನ್ನೂ ಒಂದು ಕೋಲನ್ನೂ ತೆಗೆದಳು. ಬಟ್ಟೆಯ ಅಂಚನ್ನು ಕೋಲಿಗೆ ಸಿಕ್ಕಿಸಿ, ಹಗ್ಗ ಕಟ್ಟಿ ಹುಲ್ಲಿನ ಮೇಲೆ ಮೆಲ್ಲಗೆ ಎಳೆದರೆ, ಹಸಿದ ಉಣ್ಣಿಗಳು ಪ್ರಾಣಿ ಬಂತೆಂದು ಭ್ರಮಿಸಿ ಬಟ್ಟೆಗೆ ಅಂಟುತ್ತವೆ. ಆಮೇಲೆ ಎಣಿಸಿದರಾಯಿತು ಎಂದು ವಿವರಿಸಿದಳು. ಎಣಿಕೆ ಎಂಬ ಶಬ್ದ ಕಿವಿಗೆ ಬಿದ್ದದ್ದೇ ತಡ, ಬೀಜಗಣಿತವಿಶಾರದೆಯ ಹುಬ್ಬು ಮೇಲೇರಿತು.

"ಹೂಲಿಯವರ, ಕೇಳ್ರಿ. ನನ್ನ ಕಡೆ ಒಂದು ಉಣ್ಣಿ ಹೆಚ್ಚು ಸಿಕ್ಕರ, ಇವತ್ತೇ ಗರಿಕಿ ಬುಡಸಹಿತ ಕೀಳಸ್ತೇನಿ."

ಅಂಥ ಪ್ರತಿಜ್ಞೆಯ ಎದುರು ವೀರನಾದವನು ಸುಮ್ಮನಿರುವುದುಂಟೆ? ಈರಬಸಪ್ಪನು ಎದೆಯುಬ್ಬಿಸಿ, "ನನ್ನ ಕಡೆ ಹೆಚ್ಚ ಸಿಕ್ಕರ ದಿನಾ ಮುಂಜಾನೆ ನಿಮ್ಮ ಅಂಗಳಕ್ಕ ಬಂದು ನಾನ ಗರಿಕಿ ಕೊಯ್ದು ಕೊಡತೇನಿ! ಒಂದು ವರ್ಷ!" ಎಂದು ಸಾರಿದನು. ಗೋಡೆಯ ಮೇಲೆ ಕುಳಿತಿದ್ದ ಕಾಗೆಯೊಂದು ಹಾರಿಹೋಯಿತು.

ಬಿಳಿಯ ಬಟ್ಟೆ ಗರಿಕೆಯ ಮೇಲೆ ಸರಿಯಿತು. ಉಸಿರು ಬಿಗಿಹಿಡಿದ ಮೂವರ ಎದುರು ಫರ್ಜಾನಾ ಅದನ್ನು ಮಗುಚಿ ನೋಡಿದಳು. ಎರಡು ಉಣ್ಣಿ. ಅಕ್ಕೋರ ಮುಖ ಸುಣ್ಣವಾಯಿತು. ಈರಬಸಪ್ಪನು ಮೀಸೆಯ ಮೇಲೆ ಕೈಯಿಟ್ಟನು. ಈಗ ಬಟ್ಟೆ ಅವನ ಅಂಗಳದಲ್ಲಿ, ದಾಸವಾಳದ ಬುಡದಿಂದ ಬಾವಿಕಟ್ಟೆಯವರೆಗೆ ಎಳೆಯಲ್ಪಟ್ಟಿತು. ಮೂರು ಉಣ್ಣಿ. ಮೀಸೆಯ ಮೇಲಿನ ಕೈ ತಾನಾಗಿ ಕೆಳಗಿಳಿಯಿತು.

"ಒಂದು ಹೆಚ್ಚು" ಎಂದರು ಅಕ್ಕೋರು, ಮೆಲ್ಲಗೆ.

ಆದರೆ ಫರ್ಜಾನಾ ತೃಪ್ತಳಾಗಲಿಲ್ಲ. "ನಾಯಿಗೆ ಇಷ್ಟ ಹತ್ತ್ಯಾವಂದ್ರ ಐದ ಉಣ್ಣಿ ಇರಾಂಗಿಲ್ರಿ. ಇವು ನಾಯಿ ಉಣ್ಣಿ. ಹುಲ್ಲಿಗಿಂತ ಸಂದಿ ಇವಕ್ಕ ಸೇರತೈತಿ. ನಾಯಿ ಎಲ್ಲಿ ಮಲಗತೈತಿ ಕಾಕಾ?"

ಈರಬಸಪ್ಪನು ಆಕಾಶವನ್ನು ನೋಡಿದನು. "ಹಿಂಗ... ಅಲ್ಲೆ ಇಲ್ಲೆ."

"ಆ ಬಸ್ಸಿನ ಸೀಟಿನ ಕೆಳಗವ್ವಾ" ಎಂದಳು ನೀಲವ್ವ. "ಹತ್ತು ವರ್ಷಾತು."

ಫರ್ಜಾನಾ ಸಿಂಹಾಸನದ ಮುಂದೆ ಮಂಡಿಯೂರಿದಳು. ಟಾರ್ಚು ಹಚ್ಚಿದಳು. ಸ್ಕ್ರೂಡ್ರೈವರಿನ ತುದಿಯಿಂದ ಹಸಿರು ರೆಕ್ಸಿನ್ನಿನ ಹೊಲಿಗೆಯನ್ನು ತುಸು ಎತ್ತಿದಳು.

ಹೇ ಕಂಡೂಯನದೇವಿ, ಇದನ್ನು ಹೇಗೆ ಬಣ್ಣಿಸಲಿ! ಅಲ್ಲಿ ಸೈನ್ಯವಿರಲಿಲ್ಲ, ರಾಜಧಾನಿಯೇ ಇತ್ತು. ಹೊಲಿಗೆಯ ಉದ್ದಕ್ಕೂ ಓಣಿಗಳು, ಫೋಮಿನ ತೂತುಗಳಲ್ಲಿ ಬಹುಅಂತಸ್ತಿನ ನಿವಾಸಗಳು, ಕಬ್ಬಿಣದ ಪಟ್ಟಿಯ ಸಂದಿನಲ್ಲಿ ಸಾವಿರಗಟ್ಟಲೆ ತತ್ತಿಗಳ ಕಣಜ, ರಕ್ತಪಾನದಿಂದ ಉಬ್ಬಿದ ಬೂದುಬಣ್ಣದ ರಾಜಮಾತೆಯರು, ಅವರ ಸುತ್ತ ಹರಿದಾಡುವ ಪೌರರು. ಇಷ್ಟು ದಿನ ಈರಬಸಪ್ಪನು ಯಾವ ಶತ್ರುವಿನ ವಿನಾಶಕ್ಕೆ ಪಣ ತೊಟ್ಟಿದ್ದನೋ ಅದೇ ಶತ್ರುವಿನ ರಾಜಭವನದ ಮಾಡಿನ ಮೇಲೆ ಕುಳಿತು ಪಣ ತೊಟ್ಟಿದ್ದನು.

ಅಕ್ಕೋರು ಗೋಡೆಯಾಚೆಯಿಂದ ಕತ್ತು ಚಾಚಿ ನೋಡಿದರು.

"ಇದು ಹೋಗಬೇಕ್ರಿ ಕಾಕಾ" ಎಂದಳು ಫರ್ಜಾನಾ.

"ಔಷಧ ಹೊಡಿಯವಾ, ಸಾಯ್ತಾವ."

"ಫೋಮಿನ ಒಳಗ ಔಷಧ ಪೂರಾ ಇಳಿಯೂದಿಲ್ರಿ. ತತ್ತಿ ಉಳೀತಾವ. ನಾ ಎಷ್ಟ ಹೊಡದ್ರೂ ಮತ್ತ ನಾಯಿಗೇ ಹತ್ತತಾವ. ಸೀಟ್ ಇಟ್ಕೋತೀರೋ, ನಾಯಿ ಇಟ್ಕೋತೀರೋ ನೋಡ್ರಿ."

ಜನಸಮ್ಮರ್ದಭೇದಕನು ಸೀಟಿನ ಹಿಂಬದಿಯ ಕಂಬಿಯನ್ನು ಹಿಡಿದು ನಿಂತನು. ಮೂವತ್ತೊಂದು ವರ್ಷ ತಿರುವುಗಳಲ್ಲಿ ಹಿಡಿದು ನಿಂತ ಹಾಗೆಯೇ ನಿಂತನು. ಅವನ ಧ್ವನಿಯಲ್ಲಿ ಮೇಘವೂ ಇರಲಿಲ್ಲ, ಪ್ರಳಯವೂ ಇರಲಿಲ್ಲ.

"ಇಡೀ ನೌಕರಿ ನಿಂತೇ ಮಾಡೇನವಾ. ರಾತ್ರಿ ಮನೀಗೆ ಬಂದ್ರ ಹಿಂಬಡ ಊದಿ ಬೂಟು ಬರತಿರಲಿಲ್ಲ, ಇಕಿ ಎಳದು ತಗೀತಿದ್ಲು. ಇದೊಂದು ಕುಂದ್ರಾಕ ಅಂತ ತಂದಿದ್ದೆ."

ನೀಲವ್ವನು ಬೇರೆ ಕಡೆ ನೋಡಿದಳು. "ಒಳಗ ಖುರ್ಚಿ ಅದಾವಲ್ರಿ" ಎಂದಳು.

"ಖುರ್ಚಿ ಬ್ಯಾರೆ ನೀಲಾ."

"ಗೊತ್ತೈತಿ."

ಪಡಸಾಲೆಯಲ್ಲಿ ಕಟ್ಟಿಹಾಕಿದ್ದ ಎಕ್ಸ್‌ಪ್ರೆಸ್ ಅಷ್ಟರಲ್ಲಿ ಎದ್ದು ನಿಲ್ಲಲು ಹವಣಿಸಿತು. ಮುಂಗಾಲು ಎದ್ದವು, ಹಿಂಗಾಲು ಏಳಲಿಲ್ಲ. ಅದು ಹಾಗೇ ಅರ್ಧ ಎದ್ದು, ಯಜಮಾನನ ಕಡೆಗೆ ನೋಡಿ ಬಾಲವನ್ನು ಒಮ್ಮೆ ನೆಲಕ್ಕೆ ಬಡಿದು, ಮತ್ತೆ ಕುಸಿಯಿತು.

ಈರಬಸಪ್ಪನು ಕಂಬಿಯಿಂದ ಕೈ ತೆಗೆದನು. "ಹಿಡೀರಿ ಯಾರರ ಆ ಕಡೆ ತುದಿ" ಎಂದನು.

ಆಗ ನಡೆದದ್ದನ್ನು ಮೂರನೆಯ ಅಡ್ಡರಸ್ತೆಯವರು ಇಂದಿಗೂ ಹೇಳಿಕೊಳ್ಳುತ್ತಾರೆ. ಗೇಟು ಕಿರುಗುಟ್ಟಿತು. ಭ್ರೂಭಂಗಭಯಂಕರಿಯಾದ ಗಲಗಲಿ ಅಕ್ಕೋರು, ಎಪ್ಪತ್ತೊಂದರ ಪ್ರಾಯದಲ್ಲಿ, ಇಳಕಲ್ ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದು, ನೆಟ್ಟಗೆ ಒಳಗೆ ಬಂದು ಸೀಟಿನ ಇನ್ನೊಂದು ತುದಿಯನ್ನು ಹಿಡಿದರು.

"ಅಕ್ಕೋರ, ನೀವು ಬ್ಯಾಡ್ರಿ. ಭಾರ ಐತಿ."

"ಸುಮ್ಮನ ಎತ್ತರೀ. ಒಂದು, ಎರಡು..."

"ಗ್ಲೌಸ್! ಗ್ಲೌಸ್ ಹಾಕ್ಕೋರಿ ಇಬ್ರೂ!" ಎಂದು ಫರ್ಜಾನಾ ಕೂಗಿದಳು. ಮಹಾಪ್ರಸ್ಥಾನವು ಅಲ್ಲಿಗೆ ನಿಂತಿತು. ಇಬ್ಬರೂ ಹಳದಿ ಗ್ಲೌಸು ಧರಿಸಿದರು. ಅಕ್ಕೋರ ಬಳೆ ಸಿಕ್ಕಿಕೊಂಡು ಇನ್ನೈದು ನಿಮಿಷ ಹೋಯಿತು. ಆಮೇಲೆ ಸಿಂಹಾಸನವು ಮೇಲೆದ್ದಿತು. ಎಂಟು ಹೆಜ್ಜೆಗೊಮ್ಮೆ ಇಳಿಸುತ್ತ, ಬೈದಾಡಿಕೊಳ್ಳುತ್ತ, "ನಿಮ್ಮ ಕಡೆ ಎತ್ತರಿ", "ನೀವು ಎಳೀಬ್ಯಾಡ್ರಿ" ಎನ್ನುತ್ತ ಅದನ್ನು ಗೇಟಿನಾಚೆಗೆ ಸಾಗಿಸಿದರು. ಫರ್ಜಾನಾ ಅದನ್ನು ದಪ್ಪ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಅಂಟುಪಟ್ಟಿಯಿಂದ ಬಿಗಿದು, ಗಾಡಿ ಕರೆಸಿ ಕಳಿಸಿದಳು. ಗಾಡಿ ತಿರುವಿನಲ್ಲಿ ಮರೆಯಾಗುವವರೆಗೆ ಈರಬಸಪ್ಪನು ರಸ್ತೆಯಲ್ಲಿ ನಿಂತಿದ್ದನು. ಆಮೇಲೆ ಅಭ್ಯಾಸಬಲದಿಂದ "ರೈಟ್" ಎಂದನು.

ಉಳಿದದ್ದು ಫರ್ಜಾನಾಳ ಕೆಲಸ. ಅವಳು ಬೇವಿನ ಬುಡದ ಒಣ ಎಲೆಯನ್ನೆಲ್ಲ ಗುಡಿಸಿ ತುಂಬಿಸಿದಳು. ಗೋಡೆಯ ಬಿರುಕುಗಳಿಗೆ, ಬಾಗಿಲ ಚೌಕಟ್ಟಿನ ಸಂದಿಗೆ, ಪಡಸಾಲೆಯ ಮೂಲೆಗೆ ಅಳೆದು ಔಷಧ ಹೊಡೆದಳು. ಗರಿಕೆಯ ಮೇಲೆ ಒಂದು ಹನಿಯೂ ಬೀಳದಂತೆ ತಗಡು ಅಡ್ಡ ಹಿಡಿದಳು. ಒಣಗುವ ತನಕ ಯಾರೂ ಕಾಲಿಡಬಾರದೆಂದು ಅಂಗಳಕ್ಕೆ ಹಗ್ಗ ಕಟ್ಟಿದಳು. ಹೊರಡುವಾಗ, "ಉಳದ ತತ್ತಿ ಒಡೀತಾವ, ಹದಿನೈದು ದಿನ ಬಿಟ್ಟು ಮತ್ತ ಬರತೇನಿ. ಅಲ್ಲೀ ಮಟ ಗೆದ್ದೇವಿ ಅನಬ್ಯಾಡ್ರಿ" ಎಂದಳು.

ಶುಕ್ರವಾರ ಅನ್ನಪೂರ್ಣಾ ಬಂದಳು. ಚಪ್ಪಲಿ ಕಳಚುವ ಮೊದಲು ಗೋಡೆಯನ್ನು ನೋಡಿದಳು, ಚೌಕಟ್ಟು ನೋಡಿದಳು, ನಾಯಿಯ ಕಿವಿಯನ್ನು ಮಗುಚಿ ನೋಡಿದಳು. ಕೂಸು ಅವಳ ತೋಳಿಂದ ಜಾರಿ ನೇರ ಎಕ್ಸ್‌ಪ್ರೆಸ್ಸಿನ ಹತ್ತಿರ ಹರಿದು ಅದರ ಮೂಗನ್ನು ಹಿಡಿದುಕೊಂಡಿತು. ನಾಯಿ ಅಂದು ಮೊದಲ ಬಾರಿ ಅರ್ಧ ತಟ್ಟೆ ಅನ್ನ ತಿಂದಿತ್ತು. ಮೂಗನ್ನು ಕೊಟ್ಟು ಸುಮ್ಮನೆ ಮಲಗಿತು. "ಇರ್ಲಿ ತಗೀ" ಎಂದಳು ಅನ್ನಪೂರ್ಣಾ. ನವಲಗುಂದದ ಮಾತು ಯಾರೂ ಎತ್ತಲಿಲ್ಲ.

ವೀರರ ಮಾತು ವೀರರದೇ. ಈರಬಸಪ್ಪನು ದಿನಾಲು ಮುಂಜಾನೆ ಪಕ್ಕದ ಅಂಗಳದಲ್ಲಿ ಕುಕ್ಕರುಗಾಲಲ್ಲಿ ಕೂತು ಗರಿಕೆ ಕೊಯ್ದನು. "ಮೂರೆಸಳಿಂದು ಬೇಕ್ರಿ, ಇದು ಎರಡೆಸಳಿಂದು" ಎಂದು ಅಕ್ಕೋರು ಅರ್ಧವನ್ನು ವಾಪಸು ಮಾಡಿದರು. ನಾಲ್ಕನೆಯ ದಿನದಿಂದ, ಗರಿಕೆ ಸರಿಯಿದ್ದರೆ ಅವನಿಗೂ ಒಂದು ಕಪ್ ಚಹಾ ಬರತೊಡಗಿತು.

ಹದಿನೈದನೆಯ ದಿನ ಫರ್ಜಾನಾ ಹಿಂತಿರುಗಿದಳು. ಅಂತಿಮ ಪರೀಕ್ಷೆಯ ಸುದ್ದಿ ಹರಡಿ ಅಡ್ಡರಸ್ತೆಯ ಹತ್ತು ಮನೆಯವರು ಗೇಟಿನಲ್ಲಿ ನೆರೆದಿದ್ದರು. ಅವಲಕ್ಕಿಯ ತಟ್ಟೆಯನ್ನು ಅರ್ಧಕ್ಕೇ ಬಿಟ್ಟು ಬಂದ ಈರಬಸಪ್ಪನು ಮುಂಚೂಣಿಯಲ್ಲಿ ನಿಂತನು. ಬಿಳಿಯ ಬಟ್ಟೆ ಬಾವಿಕಟ್ಟೆಯಿಂದ ಬೇವಿನ ಬುಡದವರೆಗೆ, ಬೇವಿನ ಬುಡದಿಂದ ಗೋಡೆಯವರೆಗೆ ಸರಿಯಿತು. ಫರ್ಜಾನಾ ಅದನ್ನು ಕಟ್ಟೆಯ ಮೇಲೆ ಹರಡಿದಳು. ಈರಬಸಪ್ಪನು ಬಾಗಿ, ಎಲ್ಲರಿಗಿಂತ ಹತ್ತಿರದಿಂದ ನೋಡಿದನು. ಎಲ್ಲೆಡೆ ನಿರ್ಮಲ, ನಿಷ್ಕಳಂಕ, ಶರತ್ಕಾಲದ ಮೋಡದಂಥ ಬಿಳುಪು. ಮತ್ತು ನಟ್ಟನಡುವೆ, ಒಂದೇ ಒಂದು ಕಪ್ಪು ಚುಕ್ಕೆ.

"ಉಳದೈತಿ ಒಂದು!" ಎಂದು ಸಿಡಿಲಿನಂತೆ ಗುಡುಗಿದ ಏಕಪಾದಸಂಚಾರಿಯು, ಫರ್ಜಾನಾ ತಡೆಯುವಷ್ಟರಲ್ಲಿ, ಬಲಗಾಲಿನ ಚಪ್ಪಲಿಯನ್ನು ಕಿತ್ತು, ಒಂದೇ ಪಾದದ ಮೇಲೆ ನಿಂತು, ಭೂಮಂಡಲ ನಡುಗುವಂತೆ ಹೊಡೆದನು. ಕಟ್ಟೆಯ ಮೇಲಿನ ತಂಬಿಗೆ ಉರುಳಿ ಬಾವಿಗೆ ಬಿತ್ತು. ಒಳಗೆ ಕೂಸು ಅಳತೊಡಗಿತು. ಚುಕ್ಕೆ ಒಡೆಯಲಿಲ್ಲ. ಒಂದು ಬದಿಗೆ ಉರುಳಿ ನಿಂತಿತು.

ಫರ್ಜಾನಾ ಅದನ್ನು ಬೆರಳ ತುದಿಯಿಂದ ಎತ್ತಿ, ಹಣೆಯ ಕನ್ನಡಕವನ್ನು ಕೆಳಗಿಳಿಸಿ, ಬೆಳಕಿಗೆ ಹಿಡಿದು ನೋಡಿದಳು. ಅಕ್ಕೋರಿಗೂ ತೋರಿಸಿದಳು. ಅಕ್ಕೋರು ಈರಬಸಪ್ಪನ ಅಂಗಿಯ ಕಡೆಗೆ ನೋಡಿದರು.

"ಸಾಸಿವಿ ಕಾಳ್ರಿ ಕಾಕಾ" ಎಂದಳು ಫರ್ಜಾನಾ. "ಅವಲಕ್ಕಿ ಒಗ್ಗರಣಿದು."

ಗೇಟಿನಲ್ಲಿದ್ದವರು ಒಬ್ಬೊಬ್ಬರಾಗಿ ಮನೆಗೆ ಹೊರಟರು. ಅಡುಗೆಮನೆಯ ಕಿಟಕಿಯಿಂದ ನೀಲವ್ವ ಕೂಗಿದಳು:

"ಅಂಗಿ ಅಲ್ಲೇ ಝಾಡಿಸ್ಕೊಂಡು ಒಳಗ ಬರ್ರಿ. ಈಗರ ಕಸ ಹೊಡದೇನಿ."